ಟವಲಿಗೆ ಟಿಕೆಟ್ ಐತೇನಯ್ಯ?

ಮುದ್ದೆ ತೊಳಸುವುದನ್ನು ನಾನು ಕಲಿತದ್ದು ಐವತ್ತು ದಾಟಿದ ಮೇಲೆ, ಒಬ್ಬ ಬಸ್‌ಸ್ಟ್ಯಾಂಡ್ ಕಂಟ್ರೋಲರ್ ಮನೆಯಲ್ಲಿ, ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬು ಸೋತದ್ದಕ್ಕೆ ದಂಡವಾಗಿ. ಹೀಗೆಂದರೆ ಯಾರೂ ನಂಬುವುದಿಲ್ಲ. ನನ್ನ ತಂಗಿಯೇ ನಂಬಲಿಲ್ಲ. ನಿನಗೆ ತಲೆಗಿಲೆ ಕೆಟ್ಟಿದೆಯೇನೇ, ನಮ್ಮ ಮನೆಯಲ್ಲಿ ಮುದ್ದೆ ಮಾಡಿದ್ದು ಯಾವತ್ತು ಅಂದಳು. ಮಾಡಿರಲಿಲ್ಲ, ನಿಜ. ನಮ್ಮದು ಸಾರನ್ನ, ಮೊಸರನ್ನದಲ್ಲಿ ಮುಗಿಯುವ ಮನೆ.

ಆ ಕಂಟ್ರೋಲರ್ ಹೋದ ತಿಂಗಳು ತೀರಿಕೊಂಡರು. ಬೆಳಿಗ್ಗೆ ಗೇಟಿನಲ್ಲಿ ನಿಂತು, ಹಾಲಿಗೆ ನೀರು ಬೆರೆಸುತ್ತಾನೆಂದು ನನ್ನ ಜೊತೆ ಸೇರಿ ಹಾಲಿನವನನ್ನು ಬೈದ ಮನುಷ್ಯ ಮಧ್ಯಾಹ್ನದ ಹೊತ್ತಿಗೆ ಇಲ್ಲ. ಎದೆ ಹಿಡಿದುಕೊಂಡು ಕೂತರಂತೆ, ಅಷ್ಟೇ. ಅವರ ಹೆಂಡತಿ ಜಯಮ್ಮ ಕೂಗಿದಾಗ ನಾನು ಓಡಿದೆ. ಕಾಲಲ್ಲಿ ಚಪ್ಪಲಿ ಇತ್ತೋ ಇಲ್ಲವೋ ಗೊತ್ತಿಲ್ಲ. ಈಗಲೂ ಶನಿವಾರ ಸಂಜೆಯಾದರೆ ಪಕ್ಕದ ಮನೆಯಿಂದ ಕಿರುಚಾಟ ಕೇಳಬೇಕೆಂದು ಕಿವಿ ಕಾಯುತ್ತದೆ. ಅವರ ಹೆಸರು ಬರೆಯುವುದಿಲ್ಲ. ಬರೆದರೂ ಮಂಡ್ಯದಲ್ಲಿ ಯಾರಿಗೂ ಗೊತ್ತಾಗದು. ಊರಿಗೆಲ್ಲ ಅವರು ಕಂಟ್ರೋಲರ್ರೇ. ಜಯಮ್ಮನ ಬಾಯಲ್ಲೂ 'ನಮ್ ಕಂಟ್ರೋಲರ್ರು'.

ಮೊದಲು ಅವರನ್ನು ಕಂಡದ್ದು ಜಗಳದಲ್ಲಿ. ನಾನಾಗ ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ದಿನಾ ಮಂಡ್ಯದಿಂದ ಓಡಾಟ. ಬೆಳಗಿನ ಬಸ್ಸಿನಲ್ಲಿ ಕೂರಬೇಕಾದರೆ ಇದ್ದದ್ದು ಒಂದೇ ಉಪಾಯ. ಬಸ್ಸು ಬಂದು ನಿಲ್ಲುವುದರೊಳಗೆ ಕಿಟಕಿಯಿಂದ ಏನಾದರೊಂದನ್ನು ಸೀಟಿನ ಮೇಲೆ ಎಸೆಯಬೇಕು. ಟವಲು, ಚೀಲ, ಛತ್ರಿ, ಒಮ್ಮೆ ಯಾರೋ ಹೂಕೋಸು ಎಸೆದದ್ದನ್ನೂ ನೋಡಿದ್ದೇನೆ. ನಮ್ಮ ಕಡೆ ಟವಲು ಬಿದ್ದ ಸೀಟೆಂದರೆ ರಿಜಿಸ್ಟರ್ ಆದ ಸೈಟಿದ್ದಂತೆ. ಆಮೇಲೆ ಯಾರೂ ಕೂರುವ ಹಾಗಿಲ್ಲ, ಬಸುರಿ ಹೆಂಗಸು ನಿಂತಿದ್ದರೂ ಅಷ್ಟೇ.

ಈ ಮನುಷ್ಯ ಕಂಟ್ರೋಲರಾಗಿ ಬಂದ ಮೇಲೆ ಆ ಕಾನೂನು ನಡೆಯಲಿಲ್ಲ. ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಬಿಡಬೇಕು ಎಂದು ನೋಡುವುದಷ್ಟೇ ಅವರ ಕೆಲಸ. ಆದರೆ ಬಾಯಲ್ಲಿ ವಿಷಲ್ಲು ಕಚ್ಚಿಕೊಂಡು ಬಸ್ಸಿನೊಳಗೇ ಹತ್ತಿ, ಸೀಟಿನ ಮೇಲಿದ್ದ ಟವಲುಗಳನ್ನೆಲ್ಲ ಬಾಚಿಕೊಂಡು ಇಳಿದುಬಿಡೋರು. ಯಾರಾದರೂ ತಿರುಗಿಬಿದ್ದರೆ ಒಂದೇ ಮಾತು: "ಟವಲಿಗೆ ಟಿಕೆಟ್ ಐತೇನಯ್ಯ?" ಬಾಚಿದ್ದನ್ನು ತಮ್ಮ ಕೋಣೆಯ ಕಿಟಕಿ ಸರಳಿಗೆ ನೇತುಹಾಕಿ, ಸಂಜೆ ಬಂದು ತಗೊಂಡು ಹೋಗಿ ಎನ್ನುವರು. ಒಂದು ದಿನ ನನ್ನ ಕರ್ಚೀಫೂ ಅಲ್ಲಿ ನೇತಾಡಿತು. ಹೋಗಿ ರೇಗಿದೆ. ಮಕ್ಕಳಿಗೆ ಪಾಠ ಹೇಳೋ ಮೇಡಮ್ಮೋರೇ ಇಂಗ್ ಮಾಡುದ್ರೆ ಎಂಗೆ ಅಂದುಬಿಟ್ಟರು, ಅಷ್ಟು ಜನರ ಮುಂದೆ. ನನಗೆ ಮೈಯೆಲ್ಲ ಉರಿಯಿತು. ಬಹಳ ದಿನ ಅವರ ಮುಖ ನೋಡಲಿಲ್ಲ.

ಆದರೆ ಒಂದು ಮಾತು ಒಪ್ಪಬೇಕು. ಬಸ್ಸು ತುಂಬಿ ಬಾಗಿಲಲ್ಲಿ ಜನ ಜೋತಾಡುತ್ತಿರುವಾಗ, ಕೆಳಗಿನ್ನೂ ನಾಲ್ಕು ಮಂದಿ ಚೀಲ ಹಿಡಿದು ನಿಂತಿರುವಾಗ, ಇವರು ಬಸ್ಸಿನ ಮೈಯನ್ನು ಎರಡು ಸಲ ತಟ್ಟಿ ಕೂಗುವರು: "ಒಳಗಿರೋರು ವಸಿ ಜರುಗ್ರಪ್ಪ, ಆಚೆ ನಿಂತಿರೋನ್ಗೂ ಊರೈತೆ." ಗೊಣಗುತ್ತಲೇ ಎಲ್ಲರೂ ವಸಿ ಜರುಗುತ್ತಿದ್ದರು. ಇನ್ನು ಒಂದು ನೊಣಕ್ಕೂ ಜಾಗವಿಲ್ಲ ಎನ್ನುವ ಬಸ್ಸಿನಲ್ಲಿ ನಾಲ್ವರಿಗೂ ಜಾಗವಾಗುತ್ತಿತ್ತು.

ರಿಟೈರಾಗುವ ಹೊತ್ತಿಗೆ ನಮ್ಮ ಪಕ್ಕದ ಸೈಟಿನಲ್ಲೇ ಮನೆ ಕಟ್ಟಿಸಿಕೊಂಡು ಬಂದರು. ನನ್ನ ಗ್ರಹಚಾರ ಅಂದುಕೊಂಡೆ. ಬಂದ ಮೊದಲ ಶನಿವಾರವೇ ಸಂಜೆ ಆ ಮನೆಯಿಂದ ಎಂಥ ಕೂಗು ಬಂತೆಂದರೆ, ಯಾರೋ ಹೋದರೆಂದೇ ನಾನು ದೀಪದ ಮುಂದಿನಿಂದ ಎದ್ದು ಓಡಿದೆ. ನೋಡಿದರೆ ಏಳೆಂಟು ಗಂಡಸರು ಕಡಲೆಪುರಿ ಮುಕ್ಕುತ್ತ ಟಿವಿ ಮುಂದೆ ಕೂತಿದ್ದಾರೆ. ಇಂಗ್ಲೆಂಡಿನ ಫುಟ್‌ಬಾಲು. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಜಯಮ್ಮ ಕೈಗೆ ಕಾಫಿ ಕೊಟ್ಟು ಕೂರಿಸಿಬಿಟ್ಟರು. ಕೂತಮೇಲೆ ಸುಮ್ಮನಿರಲಾಗದೆ, ಗೋಲು ಹೋದರೂ ಕೊಡಲಿಲ್ಲವಲ್ಲ ಯಾಕೆ ಎಂದು ಕೇಳಿದೆ. ಆಫ್‌ಸೈಡು ಎಂದರು. ಹಾಗೆಂದರೇನು ಎಂದೆ.

"ಬಸ್ ಬರಕ್ ಮುಂಚೆ ಸೀಟ್ಗೆ ಟವಲ್ ಆಕ್ದಂಗೆ ಕಣ್ ಮೇಡಂ," ಅಂದರು. "ನಿಮ್ಗೆ ಗೊತ್ತಿರೋದೇಯ."

ನನಗೆ ನಗು ತಡೆಯಲಾಗಲಿಲ್ಲ. ಅವತ್ತಿಗೆ ಆ ಕರ್ಚೀಫಿನ ಜಗಳ ಮುಗಿಯಿತು.

ಅವರ ಟೀಮು ಕೆಂಪಂಗಿಯದು, ದೊಡ್ಡ ಶ್ರೀಮಂತ ಕ್ಲಬ್ಬು. ಕೇಬಲ್ ಟಿವಿ ಬಂದ ಕಾಲದಲ್ಲಿ, ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಮೊದಲು ನೋಡಿದ್ದಂತೆ. ಅಲ್ಲಿಂದ ಅವರಿಗೆ ಅದು 'ನಮ್ಮೋರು'. ತಿರುಪತಿ ದಾಟಿ ಆಚೆ ಹೋದವರಲ್ಲ, ಆದರೆ ನಮ್ಮೋರು ಸೋತ ಸೋಮವಾರ ಮುಖದಲ್ಲಿ ಕಳೆ ಇರುತ್ತಿರಲಿಲ್ಲ. ನಮ್ಮೋರು ಗೋಲು ಹೊಡೆದರೆ ಎದ್ದು ಹೋಗಿ ಟಿವಿಯ ತಲೆಯನ್ನು ಎರಡು ಸಲ ತಟ್ಟುವರು, ಬಸ್ಸಿಗೆ ತಟ್ಟಿದ ಹಾಗೆಯೇ. ಹಳೆಯ ಡಬ್ಬಾ ಟಿವಿ ತಡೆದುಕೊಂಡಿತು. ಹೊಸದಾಗಿ ತಂದ ತೆಳ್ಳನೆಯದು ಮೊದಲ ಗೋಲಿಗೇ ಮುಗ್ಗರಿಸಿತು. ಜಯಮ್ಮ ಅದನ್ನು ದಾರ ಹಾಕಿ ಗೋಡೆಯ ಮೊಳೆಗೆ ಕಟ್ಟಿದರು, ಹಸುವನ್ನು ಕಟ್ಟಿದ ಹಾಗೆ.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಪಂದ್ಯ ಮುಗಿದ ಮೇಲೆ ಯಾರೂ ಉಣ್ಣದೆ ಹೋಗಬಾರದು. ಮತ್ತೆ, ಯಾರ ಟೀಮು ಸೋತಿತೋ ಅವರೇ ಮುದ್ದೆ ತೊಳಸಬೇಕು. ಸಾರು ಜಯಮ್ಮನದು, ಮುದ್ದೆ ಸೋತವರದು. ಮನೆಯಲ್ಲಿ ಒಂದು ಲೋಟ ತೊಳೆಯದ ಗಂಡಸರು ಅಲ್ಲಿ ಮುದ್ದೆಕೋಲು ಹಿಡಿದು ಬೆವರುವುದನ್ನು ನೋಡಲು ಎರಡು ಕಣ್ಣು ಸಾಲದು. ನಾನೂ ಒಂದು ಟೀಮು ಆರಿಸಿಕೊಳ್ಳಬೇಕಾಯಿತು. ನಮ್ಮ ಸ್ಕೂಲಿನ ಯೂನಿಫಾರ್ಮಿನ ಬಣ್ಣದ ಪಟ್ಟೆ ಅಂಗಿಯವರನ್ನು ಆರಿಸಿದೆ. ಅವರು ಸೋಲುವುದರಲ್ಲಿ ನಿಸ್ಸೀಮರು. ಮೊದಲ ಸಲ ನಾನು ತೊಳಸಿದ ಮುದ್ದೆಯ ತುಂಬ ಹಸಿಹಿಟ್ಟಿನ ಗಂಟು. ಕಂಟ್ರೋಲರ್ರು ಒಂದೊಂದೇ ಗಂಟನ್ನು ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗೆ ಜೋಡಿಸಿ, ಮೇಡಂ ಟೀಮು ಎಷ್ಟು ಗೋಲು ತಿಂತು ಅನ್ನೋ ಲೆಕ್ಕ ಇಲ್ಲೈತೆ ನೋಡ್ರಪ್ಪ ಅಂದರು.

ಕೊನೆಗೆ ನನ್ನ ಟೀಮು ಕೆಳಗಿನ ಲೀಗಿಗೆ ಇಳಿದೇಬಿಟ್ಟಿತು. ಅಲ್ಲಿ ಹಾಗೆ. ವರ್ಷದ ಕೊನೆಗೆ ತಳದಲ್ಲಿ ಉಳಿದವರು ಇಳಿಯಬೇಕು, ಕೆಳಗೆ ಗೆದ್ದವರು ಆ ಜಾಗಕ್ಕೆ ಹತ್ತುತ್ತಾರೆ, ಎಷ್ಟೇ ಚಿಕ್ಕ ಊರಿನವರಾಗಲಿ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವತ್ತು ನನಗೆ ಅಳು ಬಂತು. ಬೇಜಾರ್ ಮಾಡ್ಕಬೇಡಿ ಮೇಡಂ, ಎರಡು ಬಾಗ್ಲೂ ತೆಗೆದಿರೋ ಬಸ್ಸು ಅದು, ಇಳಿದೋರು ಹತ್ತುತಾರೆ ಎಂದು ಸಮಾಧಾನ ಮಾಡಿದರು.

ಈ ಹುಚ್ಚಿನಿಂದಲೇ ಅವರು ನಮ್ಮಲ್ಲೂ ಒಂದು ಪಂದ್ಯಾವಳಿ ಕಟ್ಟಿದ್ದರು: ಮೂರೂರು ಕಪ್ಪು. ಹೆಸರು ಮಂಡ್ಯ, ಮದ್ದೂರು, ಮಳವಳ್ಳಿಯದು. ಆಡುತ್ತಿದ್ದವರಲ್ಲಿ ಹನಕೆರೆ, ಬಸರಾಳು, ಸುತ್ತಲ ಹಳ್ಳಿಯವರೂ ಇದ್ದರು. ಭತ್ತದ ಕುಯ್ಲಾಗಿ ಗದ್ದೆ ಒಣಗಿದ ಮೇಲೆ ಅದೇ ಮೈದಾನ. ಬಸರಾಳಿನ ಟೀಮನ್ನು ನಡೆಸುತ್ತಿದ್ದವನು ಪುಟ್ಟಸ್ವಾಮಿ, ಕಬ್ಬು ಬೆಳೆಯುವವನು, ಗೋಲ್‌ಕೀಪರು. ಮಾತು ಕಡಿಮೆ. ಪ್ರತಿ ಶನಿವಾರ ಬೈಕಿನಲ್ಲಿ ಬಂದು ಕಂಟ್ರೋಲರ್ ಮನೆಯ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದ. ಬಸರಾಳಿನವರು ಒಂದು ಸಲ ಮಂಡ್ಯದವರನ್ನು ಸೋಲಿಸಿದಾಗ ಕಂಟ್ರೋಲರ್ರು ಅವನನ್ನು ಹೆಗಲ ಮೇಲೆ ಹೊರಲು ಹೋಗಿ ಸೊಂಟ ಹಿಡಿಸಿಕೊಂಡಿದ್ದರು.

ಆಮೇಲೆ ಮಂಡ್ಯದಲ್ಲಿ ಪ್ಲಾಸ್ಟಿಕ್ ಹುಲ್ಲಿನ ಟರ್ಫ್ ಆಯಿತು, ದೊಡ್ಡ ಲೈಟು ಬಂತು. ಮೂರೂರಿನ ಟೀಮುಗಳ ಹಿಂದೆ ಅಂಗಡಿಯವರು, ಸೈಟು ಮಾರುವವರು ನಿಂತರು. ಅವರೆಲ್ಲ ಸೇರಿ ಟರ್ಫಿನ ಮೇಲೆ ಹೊಸ ಲೀಗು ಮಾಡುತ್ತೇವೆಂದು ಬಂದು, ಕಂಟ್ರೋಲರ್ರನ್ನೇ ಗೌರವಾಧ್ಯಕ್ಷರನ್ನಾಗಿ ಮಾಡಿ ಶಾಲು ಹೊದಿಸಿದರು. ಬಸ್‌ಸ್ಟ್ಯಾಂಡಿನ ಎದುರೇ ಅವರ ಫೋಟೊ ಇದ್ದ ಫ್ಲೆಕ್ಸು ಕಟ್ಟಿದರು. ಜೀವಮಾನವೆಲ್ಲ ವಿಷಲ್ಲು ಊದಿದ ಜಾಗದಲ್ಲಿ ತನ್ನದೇ ಮುಖ ಅಷ್ಟು ದೊಡ್ಡದಾಗಿ ನೋಡಿದರೆ ಯಾರು ಹಿಗ್ಗುವುದಿಲ್ಲ, ಹೇಳಿ. ದಿನಾ ಸಂಜೆ ತರಕಾರಿ ನೆಪದಲ್ಲಿ ಅತ್ತ ಹೋಗಿ ನೋಡಿಕೊಂಡು ಬರುತ್ತಿದ್ದರು. ಬೇಡದಿದ್ದರೂ ಬದನೆಕಾಯಿ ತಂದು ತಂದು ಹಾಕ್ತಾರೆ ಎಂದು ಜಯಮ್ಮ ನಗುತ್ತಿದ್ದರು.

ಕೊರೋನಾದ ಎರಡನೇ ಅಲೆ ಏರುತ್ತಿದ್ದ ದಿನಗಳು. ಒಂದು ಸೋಮವಾರ ಬೆಳಿಗ್ಗೆ ನಾನು ರಂಗೋಲಿ ಹಾಕುತ್ತಿದ್ದೆ. ಕಂಟ್ರೋಲರ್ರು ಗೇಟಿನಲ್ಲಿ ಬಂದು ನಿಂತರು. ಕೈಯಲ್ಲಿ ಫೋನು, ಮುಖದಲ್ಲಿ ರಕ್ತವಿಲ್ಲ. ಯಾರು ಹೋದರು ಎಂದು ಕೇಳಿದೆ. ಆ ದಿನಗಳಲ್ಲಿ ಎಲ್ಲರೂ ಮೊದಲು ಕೇಳುತ್ತಿದ್ದದ್ದು ಅದನ್ನೇ.

"ನಮ್ಮೋರು ಟವಲ್ ಆಕ್ಬುಟ್ರು ಕಣ್ ಮೇಡಂ," ಅಂದರು. "ಜೀವ್ಮಾನಕ್ಕೇ ಆಕ್ಬುಟ್ರು."

ಬಿಡಿಸಿ ಕೇಳಿದೆ. ಯುರೋಪಿನ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ಸೇರಿ ತಮ್ಮದೇ ಬೇರೆ ಲೀಗು ಮಾಡುತ್ತವಂತೆ. ಅದನ್ನು ಕಟ್ಟಿದ ದೊಡ್ಡವರು ಎಷ್ಟು ಸೋತರೂ ಇಳಿಯುವ ಹಾಗಿಲ್ಲವಂತೆ. ಉಳಿದವರಿಗೆಂದು ನಾಲ್ಕಾರು ಸೀಟು, ಅದೂ ಇವರು ಕರೆದರೆ. ಕೆಂಪಂಗಿಯವರೂ ಆ ಗುಂಪಿನಲ್ಲಿದ್ದರು. ನನಗೆ ನನ್ನ ಪಟ್ಟೆ ಅಂಗಿಯವರ ನೆನಪಾಯಿತು. ಇಳಿದವರು ಇನ್ನು ಹತ್ತುವುದು ಎಲ್ಲಿಗೆ? ಕಂಟ್ರೋಲರ್ರು ಗೇಟಿನ ಸರಳು ಹಿಡಿದೇ ನಿಂತಿದ್ದರು. ಅವತ್ತು ಮಧ್ಯಾಹ್ನ ಉಣ್ಣಲಿಲ್ಲವೆಂದು ಜಯಮ್ಮ ಹೇಳಿದರು. ಮನೆಯಲ್ಲಿದ್ದ ಕೆಂಪಂಗಿಯನ್ನು ತೆಗೆದು ಒಲೆ ಒರೆಸಲು ಕೊಟ್ಟರಂತೆ. ಜಯಮ್ಮ ಅದನ್ನು ಮಡಿಸಿ ಬೀರುವಿನಲ್ಲಿ ಬಚ್ಚಿಟ್ಟರು.

ಮಂಗಳವಾರ ಸಂಜೆ ಪಂದ್ಯವಿಲ್ಲದಿದ್ದರೂ ಎಲ್ಲರನ್ನೂ ಕರೆಸಿದರು. ಟಿವಿಯಲ್ಲಿ ಅಲ್ಲಿನ ಜನ. ಸ್ಟೇಡಿಯಮ್ಮಿನ ಗೇಟುಗಳಿಗೆ ಬ್ಯಾನರು ಕಟ್ಟಿದ್ದಾರೆ, ಮುದುಕರು ಅಳುತ್ತಿದ್ದಾರೆ, ನಮ್ಮ ಕ್ಲಬ್ಬು ಸತ್ತುಹೋಯಿತು ಎಂದು ಬರೆದು ಹಿಡಿದಿದ್ದಾರೆ. ನಮ್ಮನ್ನು ದಂಗುಬಡಿಸಿದ್ದು ಏನೆಂದರೆ, ಹಾಗೆ ಅಳುತ್ತಿದ್ದವರು ಸೀಟು ಕಳಕೊಂಡ ಚಿಕ್ಕ ಊರಿನವರಲ್ಲ. ಸೀಟು ಸಿಕ್ಕಿದ ಆ ಶ್ರೀಮಂತ ಕ್ಲಬ್ಬುಗಳ ಅಭಿಮಾನಿಗಳೇ, ಇಂಥ ಸೀಟು ನಮಗೆ ಬೇಡ ಎನ್ನುತ್ತಿದ್ದರು. ಕಂಟ್ರೋಲರ್ರು ಎದ್ದು ನಿಂತುಬಿಟ್ಟರು. ಇವ್ರು ಮನುಷ್ರು ಅಂದ್ರೆ, ನಂಗೂ ಬ್ಯಾಡ ಆ ಸೀಟು ಅಂದರು. ಸೋಲಕ್ಕೇ ಎದರೋ ಮುಂಡೇವು ಆಟಕ್ಕ್ಯಾಕೆ ಬರಬೇಕು, ದುಡ್ಡೈತೆ ಅಂತ ಬಾಗ್ಲು ಆಕ್ಕಂಡ್ರೆ ಆಚೆ ನಿಂತೋನು ಏನಾಗಬೇಕು ಎಂದು ಮನೆ ಹಾರಿಹೋಗುವ ಹಾಗೆ ಕೂಗಾಡಿದರು. ನಾವೆಲ್ಲ ಹೌದು ಹೌದು ಎನ್ನುತ್ತಿದ್ದೆವು.

ಒಬ್ಬ ಮಾತ್ರ ಏನೂ ಅನ್ನಲಿಲ್ಲ. ಹಿಂದಿನ ಶನಿವಾರ ಟಿವಿಯಲ್ಲಿ ಸೋತದ್ದು ಪುಟ್ಟಸ್ವಾಮಿ ಆರಿಸಿಕೊಂಡಿದ್ದ ಟೀಮು. ಹಾಗಾಗಿ ಅಡಿಗೆಮನೆಯ ಬಾಗಿಲಲ್ಲಿ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಅವನು ಮುದ್ದೆ ತೊಳಸುತ್ತಿದ್ದ. ಕೂಗಾಟ ಸ್ವಲ್ಪ ನಿಂತಾಗ, ತಲೆ ಎತ್ತದೆ ಅಂದ:

"ನಮ್ ಸೀಟ್ಗೂ ಟವಲ್ ಬಿದ್ದೈತಲ್ಲಣ್ಣ."

ಯಾರಿಗೂ ಅರ್ಥವಾಗಲಿಲ್ಲ. ಏನಪ್ಪಾ ಅದು ಎಂದು ನಾನೇ ಕೇಳಿದೆ. ಅವನೇ ಬಿಡಿಸಿ ಹೇಳಿದ. ಟರ್ಫಿನ ಲೀಗಿನಲ್ಲಿ ಮೂರೂರಿನ ಟೀಮುಗಳಿಗೆ ಮಾತ್ರ ಜಾಗವಂತೆ. ಹಳ್ಳಿಯವರು ನೋಡುವುದಕ್ಕೆ ಬರಬಹುದು. ಹಳೆಯ ಕಪ್ಪು ಇನ್ನು ಇಲ್ಲ. ಹಳ್ಳಿಯವರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಲೈಟಿನ ಬಾಡಿಗೆ ದಂಡವಾಗುತ್ತದೆ ಎಂದು ಕಾರಣ ಕೊಟ್ಟಿದ್ದರಂತೆ. ಸಭೆಯಲ್ಲಿ ಅದಕ್ಕೆ ಹೂಂ ಅಂದವರು ಗೌರವಾಧ್ಯಕ್ಷರು.

ಕಂಟ್ರೋಲರ್ ಮುಖ ನೋಡಿದೆ. ಸುಳ್ಳು ಅಂತ ಹೇಳಲಿ ದೇವರೇ ಅಂದುಕೊಂಡೆ. ಅವರು ಹೇಳಿದ್ದು, ಅದೇ ಬೇರೆ ಇದೇ ಬೇರೆ ಕಣ್ಲಾ, ನಿಮ್ಗೂ ಮುಂದುಕ್ ಏನಾರ ಮಾಡುವ ಅಂತಿದ್ದೆ ಎಂದು. ದನಿಯೇ ಅವರದಲ್ಲ.

"ಏನ್ ಬ್ಯಾರೆ ಏಳಣ್ಣ," ಅಂದ ಪುಟ್ಟಸ್ವಾಮಿ. ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕು ಎನ್ನುವವನ ಹಾಗೆ ಕೇಳಿದ. "ಬಸ್ಸು ಲೇಟಾಗ್ ಬತ್ತದೆ ಅಂತ ನಿಮ್ಗೆ ಗೊತ್ತಿಲ್ವಾ? ಬಸರಾಳ್ ಬಸ್ ಬುಡ್ತಿದ್ದೋರೇ ನೀವು."

ಟಿವಿಯಲ್ಲಿ ಆ ಮುದುಕರು ಕೂಗುತ್ತಲೇ ಇದ್ದರು; ಯಾರೋ ಎದ್ದು ಆರಿಸಿದರು. ಪುಟ್ಟಸ್ವಾಮಿ ಮುದ್ದೆಗಳನ್ನು ಕಟ್ಟಿ ಸಾಲಾಗಿ ಇಟ್ಟು, ಕೈ ತೊಳೆದು, ಇಟ್ಟು ತೊಳ್ಸಿವ್ನಿ, ಬಿಸಿ ಆರಕ್ ಮುಂಚೆ ಉಣ್ಕಳಿ ಅಂದ. ಹೊರಗೆ ಹೋಗಿ ಬೈಕು ಒದ್ದು ಸ್ಟಾರ್ಟ್ ಮಾಡಿಕೊಂಡು ಹೊರಟೇಬಿಟ್ಟ. ಜಯಮ್ಮ ತಟ್ಟೆ ಹಿಡಿದುಕೊಂಡು ಗೇಟಿನ ತನಕ ಓಡಿದರು. ಆ ಮನೆಯಿಂದ ಯಾರಾದರೂ ಉಣ್ಣದೆ ಎದ್ದು ಹೋದದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ. ಉಳಿದವರೂ ತಿನ್ನಲಿಲ್ಲ. ಅಷ್ಟು ನುಣ್ಣನೆಯ ಮುದ್ದೆ, ಹಾಗೇ ಆರಿ ಕಲ್ಲಾಯಿತು.

ಬುಧವಾರ ಬೆಳಿಗ್ಗೆ ನೋಡಿದರೆ ಅಲ್ಲಿ ಆಟವೇ ಮುಗಿದಿತ್ತು. ಜನ ರಸ್ತೆಗಿಳಿದು ತಮ್ಮದೇ ಟೀಮಿನ ಬಸ್ಸನ್ನು ತಡೆದು ನಿಲ್ಲಿಸಿದ್ದರು. ಒಂದೊಂದಾಗಿ ಇಂಗ್ಲೆಂಡಿನ ಕ್ಲಬ್ಬುಗಳೆಲ್ಲ ತಪ್ಪಾಯಿತೆಂದು ಹೊರಬಂದಿದ್ದವು, ಕೆಂಪಂಗಿಯವರೂ. ಎರಡು ದಿನಕ್ಕೇ ಬಿದ್ದುಹೋಯಿತು. ನಾನು ಕುಣಿಯುತ್ತ ಪಕ್ಕದ ಮನೆಗೆ ಹೇಳಲು ಹೋದೆ. ಕಂಟ್ರೋಲರ್ ಇರಲಿಲ್ಲ. ಮೊದಲನೇ ಬಸ್ಸಿಗೇ ಬಸರಾಳಿಗೆ ಹೋಗಿದ್ದರು.

ಅಲ್ಲಿ ನಡೆದದ್ದನ್ನು ಎಷ್ಟೋ ದಿನದ ಮೇಲೆ ಪುಟ್ಟಸ್ವಾಮಿ ಹೇಳಿದ. ಅವನು ಗದ್ದೆಯಿಂದ ಬರುವಾಗ ಇವರು ಮನೆಯೊಳಗೇ ಕೂತಿದ್ದರಂತೆ, ಅವನ ತಾಯಿಯ ಹತ್ತಿರ ರಾಗಿಹಿಟ್ಟು ಕೇಳಿ ಇಸಿದುಕೊಂಡು. ಆ ತಾಯಿ, ಬುಡಿ ಸ್ವಾಮಿ ನೀವ್ಯಾಕೆ ಎಂದು ಎಷ್ಟು ಹೇಳಿದರೂ ಇವರು ಮುದ್ದೆಕೋಲು ಬಿಟ್ಟುಕೊಡಲಿಲ್ಲವಂತೆ. ಒಲೆಯ ಹೊಗೆಗೋ ಏನೋ ಕಣ್ಣಲ್ಲಿ ನೀರು. ಬಾಗಿಲಲ್ಲಿ ನಿಂತವನನ್ನು ನೋಡಿ ಅಂದದ್ದು ಇಷ್ಟೇ:

"ಸೋತೋನ್ ತಾನೇ ತೊಳಸ್ಬೇಕು. ಕೂತ್ಕೊಳ್ಳಾ, ಉಣ್ಣು."

ಪುಟ್ಟಸ್ವಾಮಿ ಉಂಡ. ಗಂಟಿತ್ತು, ಆದ್ರೂ ಉಂಡೆ ಮೇಡಂ ಅಂದ.

ಮರುದಿನವೇ ಕಂಟ್ರೋಲರ್ರು ಶಾಲನ್ನು ವಾಪಸು ಕೊಟ್ಟು ಬಂದರು. ಹಳ್ಳಿಯವರನ್ನು ಸೇರಿಸಿಕೊಳ್ಳಿ, ಇಲ್ಲವೇ ನನ್ನನ್ನು ಬಿಡಿ ಎಂದರಂತೆ. ಬಿಟ್ಟರು. ಫ್ಲೆಕ್ಸಿನಲ್ಲಿ ಅವರ ಮುಖದ ಮೇಲೆ ಇನ್ನೊಬ್ಬರ ಮುಖ ಬಂತು. ನಮ್ಮಲ್ಲಿ ಯಾರೂ ಬಸ್ಸು ತಡೆಯಲಿಲ್ಲ. ಟರ್ಫಿನ ಲೀಗು ನಡೆಯಿತು, ಈಗಲೂ ಲೈಟು ಹಾಕಿಕೊಂಡು ನಡೆಯುತ್ತಿದೆ. ನನಗೆ ಅದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಕೊರೋನಾ ಕಳೆದ ಮೇಲೆ ಇವರು ಹಳೆಯ ಕಪ್ಪನ್ನು ಬಸರಾಳಿನ ಗದ್ದೆಯಲ್ಲಿ ಮತ್ತೆ ಶುರುಮಾಡಿದರು. ತಾವೇ ವಿಷಲ್ಲು ಊದುತ್ತ, ಲೇಟಾಗಿ ಬಂದವರನ್ನು ಬಾಯಿಗೆ ಬಂದಂತೆ ಬೈಯುತ್ತ, ಆದರೆ ಅವರು ಬರುವ ತನಕ ಆಟ ಶುರುಮಾಡದೆ. ಹೋದ ಸುಗ್ಗಿಯವರೆಗೂ ಹಾಗೇ ನಡೆಸಿದರು. ಬೀರುವಿನಲ್ಲಿದ್ದ ಕೆಂಪಂಗಿಯನ್ನು ಮಾತ್ರ ಅವರು ಕೇಳಲಿಲ್ಲ, ಜಯಮ್ಮ ಕೊಡಲೂ ಇಲ್ಲ.

ಹೋದ ತಿಂಗಳು ಅವರನ್ನು ಮನೆಯ ಮುಂದೆ ಶಾಮಿಯಾನದ ಕೆಳಗೆ ಮಲಗಿಸಿದ್ದರು. ಕೆಂಪಂಗಿ ತೊಡಿಸಿದ್ದರು ಜಯಮ್ಮ. ಟರ್ಫಿನವರು ಎಲ್ಲರಿಗಿಂತ ಮೊದಲು ಬಂದರು, ದೊಡ್ಡ ಹಾರ ತಂದರು, ಮುಂದಿನ ಕುರ್ಚಿಗಳಲ್ಲಿ ಕೂತರು. ಯಾರೋ ದೊಡ್ಡವರು ಬರುವುದಿದೆಯೆಂದು ಗೇಟನ್ನು ಅರ್ಧ ಹಾಕಿಸಿದ್ದರು. ಹಳ್ಳಿಯವರೆಲ್ಲ ರಸ್ತೆಯಲ್ಲಿ, ಬಿಸಿಲಿನಲ್ಲಿ, ಬೈಕುಗಳ ಪಕ್ಕ ನಿಂತಿದ್ದರು. ಪುಟ್ಟಸ್ವಾಮಿ ಗೇಟಿನ ಸರಳು ಹಿಡಿದು ಒಳಗೆ ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಬರುವ ದೊಡ್ಡವರಿಗೆಂದು ಅದರ ಮೇಲೆ ಒಂದು ಬಿಳಿ ಟವಲು ಹಾಸಿಟ್ಟಿದ್ದರು.

ಜಯಮ್ಮ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ, ಅತ್ತೂ ಇರಲಿಲ್ಲ. ಗಂಡನ ತಲೆಯ ಪಕ್ಕ ಕೂತಿದ್ದವರು ಎದ್ದರು. ನೀರಿಗೇನೋ ಎಂದು ನಾನು ಜೊತೆಗೆ ಎದ್ದೆ. ಅವರು ನೆಟ್ಟಗೆ ಆ ಕುರ್ಚಿಯ ಹತ್ತಿರ ಹೋದರು, ಟವಲನ್ನು ತೆಗೆದರು, ತಂದು ಕಿಟಕಿಯ ಸರಳಿಗೆ ನೇತುಹಾಕಿದರು. ಆಮೇಲೆ ಶಾಮಿಯಾನದ ಕಂಬವನ್ನು ಎರಡು ಸಲ ತಟ್ಟಿದರು.

"ಒಳಗಿರೋರು ವಸಿ ಜರುಗ್ರಪ್ಪ. ಆಚೆ ನಿಂತಿರೋರ್ಗೂ ಇವ್ರು ಬೇಕಾಗಿತ್ತು."

ಆಮೇಲೆ ಕುರ್ಚಿಗಳು ಒಂದೊಂದಾಗಿ ಹಿಂದೆ ಸರಿದ ಸದ್ದು. ಗೇಟು ಪೂರಾ ತೆರೆಯಿತು. ನಾನು ಗೋಡೆಗೆ ಒತ್ತಿಕೊಂಡು ಜರುಗಿದೆ. ಪುಟ್ಟಸ್ವಾಮಿ ಚಪ್ಪಲಿ ಬಿಟ್ಟು ಒಳಗೆ ಬಂದ.